ಇಂಗ್ಲಿಷ್ ಉಚ್ಚಾರಣೆ: ನಾವು ಯಾರ ಹಾಗೆ ಮಾತಾಡಬೇಕು?

ವಿಜಯನಗರ ವಾಸಿ:

ಎಲ್ಲರಿಗೂ ನಮಸ್ಕಾರ. ನನ್ನದು ಕಸ್ಟಮರ್ ಸಪೋರ್ಟ್ ಕೆಲಸ, ದಿನಾ ಇಂಗ್ಲೆಂಡಿನವರ ಜೊತೆ ಫೋನಿನಲ್ಲಿ ಮಾತಾಡಬೇಕು. ಮೇಲ್ ಬರೆದರೆ ಯಾರೂ ಏನೂ ಕೇಳುವುದಿಲ್ಲ. ಬಾಯಲ್ಲಿ ಹೇಳಿದಾಗ ಮಾತ್ರ ಕೆಲವು ಪದ ಆ ಕಡೆಗೆ ಮುಟ್ಟುವುದೇ ಇಲ್ಲ. 'ಪಿನ್' ಅಂದರೆ 'ಬಿನ್?' ಎಂದು ಕೇಳುತ್ತಾರೆ. 'ಟೌನ್' ಅಂದರೆ 'ಡೌನ್?' ಅನ್ನುತ್ತಾರೆ. 'ಡೆವಲಪ್‌ಮೆಂಟ್' ಅಂತ ಬಿಡಿಬಿಡಿಯಾಗಿ ಹೇಳಿದರೂ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮ ಟೀಮಿನಲ್ಲಿ ಕೆಲವರು ಹೆಡ್‌ಸೆಟ್ ಹಾಕಿಕೊಂಡ ಕೂಡಲೇ ಅಮೆರಿಕದವರ ಹಾಗೆ ನಾಲಿಗೆ ಮಡಚಿ ಮಾತಾಡಲು ಶುರು ಮಾಡುತ್ತಾರೆ. ನನಗೆ ಅದು ಬರುವುದಿಲ್ಲ, ಬೇಕು ಅಂತಲೂ ಅನ್ನಿಸಿಲ್ಲ. ಆದರೆ ಎದುರಿನವರಿಗೆ ಒಂದೇ ಸಲಕ್ಕೆ ಅರ್ಥವಾಗಬೇಕು. ಅಷ್ಟಕ್ಕೆ ಏನು ಮಾಡಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಬಸವನಗುಡಿ ಮೇಷ್ಟ್ರು:

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ನೀವು ಹೇಳಿದ್ದು ಎರಡು ಬೇರೆ ಬೇರೆ ತೊಂದರೆ, ಎರಡಕ್ಕೂ ಅಮೆರಿಕದ ನಾಲಿಗೆಗೂ ಸಂಬಂಧವೇ ಇಲ್ಲ.

ಮೊದಲನೆಯದು ಪಿನ್-ಬಿನ್ ವಿಷಯ. ಅಂಗೈಯನ್ನು ಬಾಯಿಗೆ ಹತ್ತಿರ ಹಿಡಿದು 'ಪಾಪ' ಅನ್ನಿ. ಗಾಳಿ ತಾಕುವುದಿಲ್ಲ. ಈಗ 'ಫಲ' ಅನ್ನಿ. ಎಫ್ ಅಕ್ಷರದ ಹಾಗೆ ಹಲ್ಲು ತಾಗಿಸಿ ಅಲ್ಲ, ಹಳೆಯ ಗಮಕಿಗಳು ಹೇಳುತ್ತಿದ್ದ ಹಾಗೆ ಎರಡೂ ತುಟಿ ಮುಚ್ಚಿ, ಬಿಟ್ಟು, ಮಹಾಪ್ರಾಣ ಒತ್ತಿ. ಬಿಸಿ ಗಾಳಿ ಅಂಗೈಗೆ ಬಡಿಯುತ್ತದೆ, ಅಲ್ವಾ? ಇಂಗ್ಲೆಂಡಿನವರು 'ಪಿನ್' ಅನ್ನುವಾಗ ಅವರ ಬಾಯಿಂದ ಬರುವುದು ಈ ಎರಡನೆಯದಕ್ಕೆ ಹತ್ತಿರದ ಸದ್ದು. ಪದದ ಮೊದಲಲ್ಲಿ ಪ ಯಾವುದು ಬ ಯಾವುದು ಎಂದು ಅವರ ಕಿವಿ ಗುರುತಿಸುವುದೇ ಹೆಚ್ಚಾಗಿ ಆ ಗಾಳಿಯಿಂದ. ನಾವು ಗಾಳಿ ಬಿಡದೆ 'ಪಿನ್' ಅಂದರೆ ಅವರಿಗೆ 'ಬಿನ್' ಆಗುತ್ತದೆ. ಟೌನ್-ಡೌನ್, ಕೋಟ್-ಗೋಟ್ ಕೂಡ ಹೀಗೇ. 'ಸ್ಪಿನ್' ಅನ್ನುವಾಗ ಮಾತ್ರ ಅವರೂ ಗಾಳಿ ಬಿಡುವುದಿಲ್ಲ, ಹಾಗಾಗಿ ಅಲ್ಲಿ ನಮಗೂ ತೊಂದರೆ ಬರುವುದಿಲ್ಲ. ನೋಡಿ, ಅಲ್ಪಪ್ರಾಣ ಮಹಾಪ್ರಾಣ ಎರಡಕ್ಕೂ ಬೇರೆ ಬೇರೆ ಅಕ್ಷರ ಇಟ್ಟುಕೊಂಡಿರುವವರು ನಾವು. ನಮಗೆ ಇದು ಹೊಸ ಸದ್ದೇ ಅಲ್ಲ, ಎಲ್ಲಿ ಬಳಸಬೇಕು ಎಂದು ಯಾರೂ ಹೇಳಿಕೊಡಲಿಲ್ಲ ಅಷ್ಟೆ.

ಎರಡನೆಯದು ಒತ್ತು. ಇದು ಇನ್ನೂ ದೊಡ್ಡ ವಿಷಯ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಮಾತ್ರೆಯ ಲೆಕ್ಕದಲ್ಲಿ ಪಾಲು ಸಿಗುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಒಂದು ಪದದಲ್ಲಿ ಒಂದು ಭಾಗವನ್ನು ಎತ್ತಿ ಹೇಳಿ, ಮಿಕ್ಕಿದ್ದನ್ನು ನುಂಗಿಬಿಡುತ್ತಾರೆ. 'ಡಿವೆಲಪ್‌ಮಂಟ್' ಅನ್ನುವಾಗ 'ವೆ' ಮಾತ್ರ ಎದ್ದು ಕೇಳಬೇಕು. ನಾವು ಮೊದಲ 'ಡೆ'ಗೆ ಒತ್ತು ಕೊಟ್ಟರೆ ಅವರು ಬೇರೆ ಯಾವುದೋ ಪದವನ್ನು ಹುಡುಕುತ್ತಿರುತ್ತಾರೆ, ಅದಕ್ಕೇ ಆ ಒಂದು ಕ್ಷಣದ ಮೌನ. 'ಫೋಟೋಗ್ರಾಫ್' ಅನ್ನುವಾಗ ಒತ್ತು ಮೊದಲಲ್ಲಿ, 'ಫಟಾಗ್ರಫಿ' ಅನ್ನುವಾಗ ಎರಡನೆಯದರಲ್ಲಿ, 'ಫೋಟಗ್ರಾಫಿಕ್' ಅನ್ನುವಾಗ ಮೂರನೆಯದರಲ್ಲಿ. 'ರೆಕಾರ್ಡ್' ಹೆಸರುಪದವಾದರೆ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದವಾದರೆ ಕೊನೆಯ ಭಾಗಕ್ಕೆ. 'ಕಂಫರ್ಟಬಲ್' ಎಂದು ನಾವು ನಾಲ್ಕು ತುಂಡು ಮಾಡಿ ಪೂರ್ತಿ ಹೇಳುತ್ತೇವೆ, ಅವರು 'ಕಂಫ್ಟಬಲ್' ಎಂದು ಮೂರರಲ್ಲೇ ಮುಗಿಸುತ್ತಾರೆ. 'ವೆಜಿಟೆಬಲ್' ಅವರ ಬಾಯಲ್ಲಿ 'ವೆಜ್ಟಬಲ್'. ಇದು ನಮಗೆ ತೀರಾ ಅಪರಿಚಿತವೂ ಅಲ್ಲ. 'ಕೆಲಸ' ಎಂದು ಬರೆದು 'ಕೆಲ್ಸ' ಎಂದು ಹೇಳುವುದಿಲ್ವಾ? 'ಹೆಂಗಸು' 'ಹೆಂಗ್ಸು' ಆಗುವುದಿಲ್ವಾ?

ಕೋರಮಂಗಲ ಟೆಕ್ಕಿ:

ಮೇಷ್ಟ್ರೇ, ವಿವರಣೆ ಚೆನ್ನಾಗಿದೆ, ಆದರೆ ನನಗೆ ಮೂಲದಲ್ಲೇ ತಕರಾರು ಇದೆ. ಯಾವಾಗಲೂ ನಾವೇ ಯಾಕೆ ಬದಲಾಗಬೇಕು? ನನ್ನ ಪ್ರಾಜೆಕ್ಟಿನಲ್ಲಿ ಜರ್ಮನ್ನರು, ಜಪಾನಿನವರು, ಬ್ರೆಜಿಲ್‌ನವರು ಇದ್ದಾರೆ. ನಾವೆಲ್ಲ ಸೇರಿ ಮಾತಾಡಿದಾಗ ಯಾರಿಗೂ ತೊಂದರೆ ಇಲ್ಲ. ಕಾಲ್‌ಗೆ ಒಬ್ಬ ಇಂಗ್ಲಿಷ್ ಮನೆಮಾತಿನವರು ಬಂದರೆ ಸಾಕು, ಅವರು ಹೇಳಿದ್ದು ಯಾರಿಗೂ ಅರ್ಥವಾಗುವುದಿಲ್ಲ. ಸ್ಪೀಡು ಜಾಸ್ತಿ, ಅರ್ಧ ಪದ ಬಾಯೊಳಗೇ ಇರುತ್ತದೆ, ಮೇಲಿಂದ ಕ್ರಿಕೆಟ್ಟಿನದೋ ಬೇಸ್‌ಬಾಲಿನದೋ ನುಡಿಗಟ್ಟು ಬೇರೆ. ಅವರಿಗೂ ಸ್ವಲ್ಪ ನಿಧಾನವಾಗಿ ಮಾತಾಡುವುದನ್ನು, ಬೇರೆಯವರ ಇಂಗ್ಲಿಷ್ ಕೇಳಿಸಿಕೊಳ್ಳುವುದನ್ನು ಕಲಿಸಬೇಕು.

ಬಸವನಗುಡಿ ಮೇಷ್ಟ್ರು:

ಕಲಿಸಬೇಕು, ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಇದನ್ನೇ ಹಿಡಿದು ಕೆಲಸ ಮಾಡಿದವರು ಜೆನಿಫರ್ ಜೆಂಕಿನ್ಸ್ ಎಂಬ ಇಂಗ್ಲೆಂಡಿನ ಭಾಷಾವಿಜ್ಞಾನಿ. ಬೇರೆ ಬೇರೆ ಮನೆಮಾತಿನವರು ಇಂಗ್ಲಿಷಿನಲ್ಲಿ ಮಾತಾಡುವಾಗ ಅರ್ಥ ಎಲ್ಲಿ ಕೆಡುತ್ತದೆ ಎಂದು ನೋಡಿ, 2000ದಲ್ಲಿ ಒಂದು ಪಟ್ಟಿ ಕೊಟ್ಟರು. ಪದದ ಮೊದಲ ಪ, ಟ, ಕ ಸದ್ದುಗಳ ಗಾಳಿ ಅದರಲ್ಲಿ ಇದೆ. ಸ್ವರದ ಗಿಡ್ಡ-ಉದ್ದ ಇದೆ. ವಾಕ್ಯದಲ್ಲಿ ಯಾವ ಪದಕ್ಕೆ ಒತ್ತು ಎನ್ನುವುದು ಇದೆ. 'ತಿಂಕ್', 'ದಿಸ್' ಪದಗಳ ಆ ವಿಶೇಷ ಸದ್ದು ಮಾತ್ರ ಅಗತ್ಯದ ಪಟ್ಟಿಯಲ್ಲಿ ಇಲ್ಲ! ಎಷ್ಟು ವರ್ಷ ಎಷ್ಟು ಮಕ್ಕಳನ್ನು ಅದೊಂದು ಸದ್ದಿಗಾಗಿ ನಾಲಿಗೆಯನ್ನು ಹಲ್ಲಿನ ನಡುವೆ ಇಡಿಸಿ ನಿಲ್ಲಿಸಿದ್ದಾರೆ, ನೆನೆಸಿಕೊಂಡರೆ ಬೇಜಾರಾಗುತ್ತದೆ.

ಡಬ್ಲಿನ್‌ನಲ್ಲಿರುವ ಕನ್ನಡತಿ:

ಹುಟ್ಟಿ ಬೆಳೆದದ್ದು ತ್ಯಾಗರಾಜನಗರ, ಈಗ ಇರುವುದು ಐರ್ಲೆಂಡಿನಲ್ಲಿ. ಮೇಷ್ಟ್ರು ಹೇಳಿದ 'ತಿಂಕ್' ಸದ್ದಿನ ಬಗ್ಗೆ ನಾನು ಹೇಳಲೇಬೇಕು. ಇಲ್ಲಿ ಎಷ್ಟೋ ಜನ ಅದನ್ನು ನಮ್ಮ ಹಾಗೇ ಹೇಳುತ್ತಾರೆ. ಹಲ್ಲಿನ ಹಿಂಭಾಗಕ್ಕೆ ನಾಲಿಗೆ ತಾಗಿಸಿ, ನಮ್ಮ ತ, ದ ಅಕ್ಷರಗಳಿಗೆ ಹತ್ತಿರವಾಗಿ. 'ತ್ರೀ' ಅಂದರೆ ನಮ್ಮ 'ತ್ರೀ' ಕೇಳಿದ ಹಾಗೇ ಇರುತ್ತದೆ. ಇವರಿಗೆ ಇಂಗ್ಲಿಷ್ ಮನೆಮಾತು, ತಲೆಮಾರುಗಳಿಂದ. ಲಂಡನ್ನಿನಲ್ಲಿ ಬಹಳ ಮಂದಿ 'ಫಿಂಕ್' ಅನ್ನುತ್ತಾರೆ. ಹಾಗಾದರೆ ನಾವು ತಪ್ಪು, ಅವರು ಸರಿ ಎನ್ನುವುದು ಯಾವ ಲೆಕ್ಕ?

ಇನ್ನೊಂದು, ಹೆಚ್ ಅಕ್ಷರ. ಬೆಂಗಳೂರಿನಲ್ಲಿ ಹೆಚ್‌ಎಎಲ್, ಹೆಚ್‌ಎಂಟಿ ಎಂದೇ ಹೇಳಿಕೊಂಡು ಬೆಳೆದವರು ನಾವು. ಕಾನ್ವೆಂಟ್ ಓದಿದವರು 'ಏಚ್' ಎಂದು ತಿದ್ದುತ್ತಿದ್ದರು. ಇಲ್ಲಿ ಬಂದರೆ ಬಹುಪಾಲು ಜನ 'ಹೇಚ್' ಅನ್ನುತ್ತಾರೆ.

ಸ್ಕಾಟ್ಲೆಂಡಿನವರು ರ ಸದ್ದನ್ನು ಎಲ್ಲ ಕಡೆಯೂ ಹೇಳುತ್ತಾರೆ, ಇಂಗ್ಲೆಂಡಿನ ಹೆಚ್ಚಿನ ಕಡೆ 'ಕಾರ್' ಎಂದರೆ ಬರೀ 'ಕಾ'. ಅದೇ ಇಂಗ್ಲೆಂಡಿನವರು ಸ್ಪೆಲ್ಲಿಂಗಿನಲ್ಲಿ ಇಲ್ಲದ ರ ಸದ್ದನ್ನು ಸೇರಿಸುವುದೂ ಉಂಟು. 'ಲಾ ಅಂಡ್ ಆರ್ಡರ್' ಅನ್ನುವಾಗ ಎಷ್ಟೋ ಜನರ ಬಾಯಲ್ಲಿ 'ಲಾ' ಪದದ ಹಿಂದೆಯೇ ಒಂದು 'ರ' ನುಸುಳಿ 'ಲಾರಂಡ್' ಆಗುತ್ತದೆ. ಎರಡು ಸ್ವರ ಎದುರುಬದುರಾದಾಗ ಮಧ್ಯೆ ಒಂದು ಸದ್ದು ಬೇಕು ಅನ್ನಿಸುತ್ತದೆ, ಅಷ್ಟೆ. 'ಮನೆ ಅಲ್ಲಿ' ಎನ್ನದೆ ನಾವು 'ಮನೆಯಲ್ಲಿ' ಅನ್ನುವುದಿಲ್ವಾ? ನಮ್ಮ ವ್ಯಾಕರಣದಲ್ಲಿ ಅದಕ್ಕೆ ಆಗಮ ಸಂಧಿ ಎಂಬ ಗೌರವದ ಹೆಸರೂ ಇದೆ.

ಯಶವಂತಪುರ ಟೀಚರ್:

ನಾನು ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ನನ್ನ ಕ್ಲಾಸಿನ ಮಕ್ಕಳ ಕಷ್ಟ ಬೇರೆ. ಅವರು ಕನ್ನಡ ಓದಿದ ಹಾಗೆ ಇಂಗ್ಲಿಷ್ ಓದುತ್ತಾರೆ, ಬರೆದದ್ದನ್ನೆಲ್ಲ ಹೇಳುತ್ತಾರೆ. 'ವೆಡ್ನೆಸ್‌ಡೇ', 'ಡೆಬ್ಟ್', 'ಇಸ್ಲ್ಯಾಂಡ್'. ಹೇಳದೇ ಇರುವ ಅಕ್ಷರ ಬರೆಯುವುದು ಯಾಕೆ ಮಿಸ್ ಅಂತ ಒಬ್ಬ ಹುಡುಗ ಕೇಳಿದ. 'ಅದು ಸೈಲೆಂಟು, ಬಾಯಿಪಾಠ ಮಾಡು' ಎಂದು ಕಳಿಸಲು ನನಗೆ ಮನಸ್ಸು ಬರಲಿಲ್ಲ. ಮಕ್ಕಳಿಗೆ ಕಾರಣ ಹೇಳಿದರೆ ನೆನಪಿರುತ್ತದೆ.

ಕಾರಣ ಇದೆ. 'ಡೆಟ್' ಪದವನ್ನು ಇಂಗ್ಲಿಷಿನವರು ಫ್ರೆಂಚರಿಂದ ತೆಗೆದುಕೊಂಡಾಗ ಅದರಲ್ಲಿ ಬಿ ಇರಲೇ ಇಲ್ಲ. ಆಮೇಲೆ ಪಂಡಿತರು ಲ್ಯಾಟಿನ್ ಮೂಲ 'ಡೆಬಿಟುಮ್' ಎಂದು ತೋರಿಸಲು ಬಿ ಸೇರಿಸಿದರು. 'ಐಲೆಂಡ್' ಕಥೆ ಇನ್ನೂ ಅನ್ಯಾಯದ್ದು. ಅದು ಅಚ್ಚ ಇಂಗ್ಲಿಷ್ ಪದ, ಲ್ಯಾಟಿನ್ನಿಗೆ ಸಂಬಂಧವೇ ಇಲ್ಲ. 'ಐಲ್' ಎಂಬ ಬೇರೆ ಪದದ ಜೊತೆ ಗೊಂದಲ ಮಾಡಿಕೊಂಡು ಎಸ್ ತುರುಕಿದರು. 'ನೈಫ್', 'ನೀ' ಪದಗಳ ಮೊದಲ ಕೆ ಮಾತ್ರ ಒಂದು ಕಾಲದಲ್ಲಿ ನಿಜಕ್ಕೂ ಬಾಯಲ್ಲಿ ಇತ್ತು. ಮಂಡಿಗೆ ಜರ್ಮನ್ನರು ಇವತ್ತಿಗೂ 'ಕ್ನೀ' ಅನ್ನುತ್ತಾರೆ.

ಸ್ವರಗಳೂ ಹೀಗೇ ಜಾರಿದವು. ಇಂಗ್ಲೆಂಡಿನಲ್ಲಿ ಕ್ಯಾಕ್ಸ್‌ಟನ್ ಮುದ್ರಣ ಯಂತ್ರ ತಂದದ್ದು 1476ರಲ್ಲಿ. ಅಲ್ಲಿಂದ ಮುಂದೆ ಸ್ಪೆಲ್ಲಿಂಗ್ ನಿಧಾನವಾಗಿ ಅಚ್ಚಿನಲ್ಲಿ ಗಟ್ಟಿಯಾಯಿತು. ಅದೇ ಹೊತ್ತಿಗೆ, ಸುಮಾರು 1400ರಿಂದ 1700ರವರೆಗೆ, ಜನರ ಬಾಯಲ್ಲಿ ಉದ್ದ ಸ್ವರಗಳೆಲ್ಲ ಜಾಗ ಬದಲಿಸುತ್ತಿದ್ದವು. 'ನೇಮ್' ಪದ ಅದಕ್ಕೆ ಮುಂಚೆ ಹೆಚ್ಚುಕಡಿಮೆ ನಮ್ಮ 'ನಾಮ' ಕೇಳಿದ ಹಾಗೇ ಇತ್ತು. 'ಟೈಮ್' ಆಗ 'ಟೀಮ'. ಬಾಯಿ ಮುಂದೆ ಹೋಯಿತು, ಬರವಣಿಗೆ ಹಿಂದೆ ಉಳಿಯಿತು. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ ದಿನ ಮಕ್ಕಳು ಎಷ್ಟು ಖುಷಿಪಟ್ಟರು! ತಪ್ಪು ತಮ್ಮದಲ್ಲ ಎಂದು ಗೊತ್ತಾದ ಮೇಲೆ ಗಟ್ಟಿಯಾಗಿ ಓದುವ ಧೈರ್ಯ ಬಂತು ಅವರಿಗೆ.

ಕೋರಮಂಗಲ ಟೆಕ್ಕಿ:

ಟೀಚರ್, ನಿಮ್ಮ ಮಕ್ಕಳಿಗೆ ಇದನ್ನೂ ಹೇಳಿ. ಬರೆದ ಹಾಗೆ ಓದುವ ಕೆಲಸವನ್ನು ಇಂಗ್ಲಿಷ್ ಮನೆಮಾತಿನವರೂ ಮಾಡುತ್ತಾರೆ. 'ಆಫನ್' ಪದದಲ್ಲಿ ಟಿ ಬಿಟ್ಟು ಹೇಳುವುದು ರೂಢಿಯಾಗಿ ನೂರಾರು ವರ್ಷ ಆಗಿತ್ತು. ಈಗ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಬೇಕಾದಷ್ಟು ಜನ ಸ್ಪೆಲ್ಲಿಂಗ್ ನೋಡಿ 'ಆಫ್ಟನ್' ಅನ್ನುತ್ತಾರೆ. ಊರ ಹೆಸರುಗಳಲ್ಲಿ ಅವರಿಗೂ ದಿಕ್ಕು ತಪ್ಪುತ್ತದೆ. ಇಂಗ್ಲೆಂಡಿನ 'ಲೆಸ್ಟರ್', 'ವುಸ್ಟರ್' ಸ್ಪೆಲ್ಲಿಂಗ್ ನೋಡಿದರೆ ಯಾವ ಅಮೆರಿಕದವರಿಗೂ ಸರಿಯಾಗಿ ಓದಲು ಬರುವುದು ಕಷ್ಟ. ಅವರದೇ 'ಆರ್ಕನ್ಸಾ' ರಾಜ್ಯದ ಹೆಸರನ್ನು ಹೇಗೆ ಹೇಳಬೇಕು ಎಂದು ಅಲ್ಲಿನ ಶಾಸನಸಭೆ 1881ರಲ್ಲಿ ನಿರ್ಣಯ ಮಾಡಬೇಕಾಯಿತು.

ಹುಬ್ಬಳ್ಳಿ ಹುಡುಗ, ಈಗ ಬೆಂಗಳೂರು:

ಎಲ್ಲಾ ಓದಿದೆ. ಒಳ್ಳೆ ಮಾಹಿತಿ. ಆದರೆ ನಮ್ಮಂಥವರಿಗೆ ಆಗುವ ನೋವಿನ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಓದಿದ್ದು ಕನ್ನಡ ಮೀಡಿಯಂ. ಎಂ.ಟೆಕ್ ಮುಗಿಸಿ ಇಲ್ಲಿಗೆ ಬಂದೆ. ಒಂದು ಇಂಟರ್‌ವ್ಯೂನಲ್ಲಿ 'ಯೆಮ್ ಟೆಕ್' ಅಂದಿದ್ದಕ್ಕೆ ಎದುರು ಕೂತಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಇಬ್ಬರೂ ಕನ್ನಡದವರೇ. ಕೇಳಿದ ಟೆಕ್ನಿಕಲ್ ಪ್ರಶ್ನೆಗೆಲ್ಲ ಸರಿಯಾಗಿ ಉತ್ತರ ಕೊಟ್ಟೆ, ಆದರೂ ಕೊನೆಗೆ 'ಕಮ್ಯುನಿಕೇಶನ್ ಇಂಪ್ರೂವ್ ಮಾಡಿಕೊಳ್ಳಿ' ಎಂದು ಹೇಳಿ ಕಳಿಸಿದರು. ಎದುರಿನವರಿಗೆ ನನ್ನ ಮಾತು ಅರ್ಥವಾಗಿತ್ತು. ಅರ್ಥವಾಗದೆ ನಕ್ಕಿದ್ದಲ್ಲ. ಅಮೆರಿಕದವರು 'ವಾಟರ್' ಪದವನ್ನು 'ವಾಡರ್' ಅಂದರೆ ಸ್ಟೈಲು, ನಾವು 'ಯೆಗ್ಗು', 'ವೋನ್ಲಿ', 'ಬಸ್ಸು' ಅಂದರೆ ಹಳ್ಳಿಯವರು. ಇದು ಉಚ್ಚಾರಣೆಯ ಪ್ರಶ್ನೆಯೇ ಅಲ್ಲ ಅಂತ ನನಗೆ ಅನ್ನಿಸುತ್ತದೆ.

ಬಸವನಗುಡಿ ಮೇಷ್ಟ್ರು:

ತಮ್ಮಾ, ನೀನು ಬರೆದದ್ದು ನಿಜ. ನಕ್ಕವರು ನಿನ್ನ ಉಚ್ಚಾರಣೆಗೆ ನಕ್ಕಿದ್ದಲ್ಲ, ನೀನು ಎಲ್ಲಿಂದ ಬಂದೆ ಎಂದು ಅದರಿಂದ ಊಹಿಸಿ ನಕ್ಕರು. ಬೇರೆ ಕಡೆಯೂ ಇದೇ ನಡೆದಿದೆ. 'ಆಸ್ಕ್' ಪದವನ್ನು ಅಮೆರಿಕದ ಕರಿಯ ಜನರಲ್ಲಿ ಅನೇಕರು 'ಆಕ್ಸ್' ಅನ್ನುತ್ತಾರೆ, ಅದಕ್ಕಾಗಿ ಅವರನ್ನು ಹೀಯಾಳಿಸುತ್ತಾರೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ಎರಡೂ ರೂಪ ಇದ್ದವು. 14ನೇ ಶತಮಾನದಲ್ಲಿ ಇಂಗ್ಲಿಷ್ ಕವಿ ಚಾಸರ್ 'ಆಕ್ಸ್' ಎಂದೇ ಬರೆದಿದ್ದಾನೆ. ಆಮೇಲೆ ಒಂದು ರೂಪ ದೊಡ್ಡವರ ಬಾಯಿಗೆ ಸೇರಿತು, ಇನ್ನೊಂದು ಬಡವರ ಪಾಲಾಯಿತು.

'ಯೆಮ್', 'ವೋನ್ಲಿ' ಯಾಕೆ ಬರುತ್ತದೆ ಗೊತ್ತಾ? ಕನ್ನಡದಲ್ಲಿ ಎ, ಒ ಪದದ ಮೊದಲಿಗೆ ಬಂದರೆ ನಮ್ಮ ಬಾಯಿ ತಾನಾಗಿ ಯ, ವ ಸೇರಿಸುತ್ತದೆ. 'ಎಮ್ಮೆ' ಎಂದು ಬರೆದು 'ಯೆಮ್ಮೆ' ಅನ್ನುತ್ತೇವೆ, 'ಒಂದು' ಎಂದು ಬರೆದು 'ವೊಂದು' ಅನ್ನುತ್ತೇವೆ. 'ಬಸ್ಸು', 'ಕಾರು', 'ಲೈಟು' ಆಗುವುದು ನಮ್ಮ ಪದಗಳು ಸ್ವರದಲ್ಲಿ ಮುಗಿಯುವುದರಿಂದ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬೇಕಾದಾಗ ಬಿಡುವುದನ್ನು ಕಲಿತುಕೊಂಡರೆ ಒಳ್ಳೆಯದು, ಬಿಡದಿದ್ದರೂ ಅರ್ಥ ಕೆಡುವುದಿಲ್ಲ.

ಆದರೆ ಒಂದು ವಿಷಯದಲ್ಲಿ ನಾನು ಹಟಮಾಡಿ ಹೇಳುತ್ತೇನೆ. ವಿ ಮತ್ತು ಡಬ್ಲ್ಯು. ನಮಗೆ ಇರುವುದು ಒಂದೇ ವ, ಆದ್ದರಿಂದ 'ವೈನ್' ಅಂದರೆ ದ್ರಾಕ್ಷಿಬಳ್ಳಿಯೋ ದ್ರಾಕ್ಷಿಮದ್ಯವೋ ಎದುರಿನವರಿಗೆ ತಿಳಿಯುವುದಿಲ್ಲ. 'ವೆಟ್' ಅಂದರೆ ದನದ ಡಾಕ್ಟರೋ ಒದ್ದೆಯೋ? ವಿ ಇದ್ದರೆ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು. ಡಬ್ಲ್ಯು ಇದ್ದರೆ ಹಲ್ಲು ಎಲ್ಲೂ ತಾಗಬಾರದು, 'ಊ' ಅನ್ನಲು ಹೊರಟ ಹಾಗೆ ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ನಿಂತು ನೋಡಿಕೊಂಡರೆ ಬೇಗ ಬರುತ್ತದೆ.

ಜಯನಗರದಿಂದ, ಅನುವಾದಕಿ:

ಉಚ್ಚಾರಣೆ ಬಿಟ್ಟು ಬಳಕೆಗೆ ಬರೋಣ. ಬೆಂಗಳೂರಿನ ಇಂಗ್ಲಿಷಿನ ಒಳಗೆ ಕನ್ನಡದ ವ್ಯಾಕರಣ ಎಷ್ಟು ಚೆನ್ನಾಗಿ ಕೂತಿದೆ ನೋಡಿ. 'ಐ ಆ್ಯಮ್ ಹಿಯರ್ ಓನ್ಲಿ' ಎಂದರೆ ನೇರವಾಗಿ 'ಇಲ್ಲೇ ಇದ್ದೇನೆ'. ಆ 'ಏ' ಪ್ರತ್ಯಯದ ಕೆಲಸವನ್ನು ಪಾಪ 'ಓನ್ಲಿ' ಹೊತ್ತುಕೊಂಡಿದೆ. 'ಹೂ ಆಲ್ ಕೇಮ್?' ಎಂದರೆ 'ಯಾರ್‍ಯಾರು ಬಂದಿದ್ದರು?'. 'ಸಿಂಪ್ಲಿ ಐ ಕೇಮ್' ಎಂದರೆ 'ಸುಮ್ನೆ ಬಂದೆ'. 'ಕಸಿನ್ ಬ್ರದರ್' ಅನ್ನುವುದು ಯಾಕೆ? ದೊಡ್ಡಪ್ಪನ ಮಗನನ್ನು ಅಣ್ಣ ಎಂದು ಕರೆದು ಬೆಳೆದವರಿಗೆ ಬರೀ 'ಕಸಿನ್' ಅಂದರೆ ಸಂಬಂಧ ಅರ್ಧಕ್ಕೆ ನಿಂತ ಹಾಗಾಗುತ್ತದೆ. ಫೋನ್ ಎತ್ತಿ 'ಟೆಲ್ ಮಿ' ಅನ್ನುವುದು ನಮ್ಮ 'ಹೇಳಿ' ಅಷ್ಟೆ, ಅದರಲ್ಲಿ ಯಾವ ದರ್ಪವೂ ಇಲ್ಲ.

ಇವನ್ನು ತಪ್ಪು ಎಂದು ಕೆಂಪು ಇಂಕಿನಲ್ಲಿ ಹೊಡೆದುಹಾಕುವುದು ನನಗೆ ಇಷ್ಟವಿಲ್ಲ. ನಮ್ಮ ನಮ್ಮಲ್ಲಿ ಚೆನ್ನಾಗಿ ನಡೆಯುತ್ತವೆ. 'ಪ್ರಿಪೋನ್' ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ. 'ಡೂ ದ ನೀಡ್‌ಫುಲ್' ನಾವು ಹುಟ್ಟಿಸಿದ್ದೇ ಅಲ್ಲ, ಬ್ರಿಟಿಷರೇ ಬಳಸುತ್ತಿದ್ದರು, ಅವರು ಬಿಟ್ಟರು, ನಮ್ಮ ಕಚೇರಿ ಪತ್ರಗಳಲ್ಲಿ ಉಳಿಯಿತು.

ಎಚ್ಚರ ಬೇಕಾದದ್ದು ಅರ್ಥವೇ ತಿರುಗುವ ಕೆಲವು ಕಡೆ. 'ಐ ಹ್ಯಾವ್ ಎ ಡೌಟ್' ಎಂದರೆ ನಮಗೆ 'ಒಂದು ಪ್ರಶ್ನೆ ಇದೆ'. ಹೊರದೇಶದವರಿಗೆ 'ನೀವು ಹೇಳಿದ್ದನ್ನು ನಾನು ನಂಬುತ್ತಿಲ್ಲ' ಅನ್ನಿಸಬಹುದು. 'ಐ ಪಾಸ್ಡ್ ಔಟ್ ಇನ್ ಕಾಲೇಜ್' ಅಂದರೆ ಅಮೆರಿಕದವರು ನೀವು ಕಾಲೇಜಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಿರಿ ಎಂದುಕೊಳ್ಳುತ್ತಾರೆ. ಮೇಲ್‌ನಲ್ಲಿ 'ರಿವರ್ಟ್' ಎಂದು ಬರೆದರೆ ನಮಗೆ ಉತ್ತರಿಸುವುದು, ಹಲವು ಕಡೆ ಅದು ಮೊದಲಿದ್ದ ಸ್ಥಿತಿಗೆ ಮರಳುವುದು. ಸಾಫ್ಟ್‌ವೇರಿನವರಿಗಂತೂ ಇದು ಗಂಭೀರ, ಯಾರಾದರೂ ನಿಜವಾಗಿಯೂ ಕೋಡ್ ರಿವರ್ಟ್ ಮಾಡಿಬಿಟ್ಟಾರು.

ಡಬ್ಲಿನ್‌ನಲ್ಲಿರುವ ಕನ್ನಡತಿ:

ಅಕ್ಕ, ಇಲ್ಲಿಯೂ ಹೀಗೇ ಇದೆ! ಐರಿಷ್ ಜನ 'ಈಗ ತಾನೇ ತಿಂದೆ' ಅನ್ನಲು 'ಐ ಆ್ಯಮ್ ಆಫ್ಟರ್ ಈಟಿಂಗ್' ಅನ್ನುತ್ತಾರೆ. ಇಂಗ್ಲೆಂಡಿನವರಿಗೆ ಇದು ವಿಚಿತ್ರ. ಇದರ ಬೇರು ಇರುವುದು ಅವರ ಹಳೆಯ ಐರಿಷ್ ಭಾಷೆಯ ವ್ಯಾಕರಣದಲ್ಲಿ. ಅವರಲ್ಲಿ ಬಹುಪಾಲು ಜನ ಈಗ ಮನೆಯಲ್ಲಿ ಐರಿಷ್ ಮಾತಾಡುವುದಿಲ್ಲ, ಆದರೂ ಅದರ ಜೋಡಣೆ ಇಂಗ್ಲಿಷಿನೊಳಗೆ ಗಟ್ಟಿಯಾಗಿ ಉಳಿದಿದೆ. ಅದನ್ನು ಯಾರೂ ತಪ್ಪು ಇಂಗ್ಲಿಷ್ ಎಂದು ಕರೆಯುವುದಿಲ್ಲ, ಐರಿಷ್ ಇಂಗ್ಲಿಷ್ ಎಂದು ಕರೆಯುತ್ತಾರೆ. ನಮ್ಮ 'ಓನ್ಲಿ'ಗೂ ಅದೇ ಮರ್ಯಾದೆ ಸಿಗಬೇಕು.

ಕೋರಮಂಗಲ ಟೆಕ್ಕಿ:

ಹಾಗಾದರೆ ಸರಿ ಯಾವುದು ಎಂದು ತೀರ್ಮಾನ ಮಾಡುವವರು ಯಾರು? ಫ್ರೆಂಚ್ ಭಾಷೆಗೆ ಅಕಾಡೆಮಿ ಇದೆ, ಇಂಗ್ಲಿಷಿಗೆ ಅಂಥದ್ದು ಇಲ್ಲ ಅಲ್ವಾ?

ಬಸವನಗುಡಿ ಮೇಷ್ಟ್ರು:

ಇಲ್ಲ. ಬಿಬಿಸಿಯವರು 1926ರಲ್ಲಿ ಉಚ್ಚಾರಣೆಗೆ ಒಂದು ಸಲಹಾ ಸಮಿತಿ ಮಾಡಿದರು. ಆಸ್ಥಾನಕವಿ ರಾಬರ್ಟ್ ಬ್ರಿಡ್ಜಸ್ ಅಧ್ಯಕ್ಷರು, ಅವರ ನಂತರ ಬರ್ನಾರ್ಡ್ ಷಾ. ಅಂಥ ಪಂಡಿತರು ಕೂತರೂ ಒಂದೊಂದು ಪದಕ್ಕೂ ಜಗಳ. ಎರಡನೇ ಮಹಾಯುದ್ಧ ಶುರುವಾದಾಗ ಸಮಿತಿ ನಿಂತಿತು. 'ಷೆಡ್ಯೂಲ್'-'ಸ್ಕೆಡ್ಯೂಲ್' ಇವತ್ತಿಗೂ ಬಗೆಹರಿದಿಲ್ಲ.

ವಿಮಾನಪುರದಿಂದ:

ತೀರ್ಮಾನ ಮಾಡಿರುವವರು ಒಂದು ಕಡೆ ಇದ್ದಾರೆ, ನಾನು ಹೇಳುತ್ತೇನೆ. ನಾನು ವಿಮಾನ ಕ್ಷೇತ್ರದಲ್ಲಿ ಕೆಲಸ ಮಾಡಿದವನು. ಪೈಲಟ್ ಮತ್ತು ಕಂಟ್ರೋಲ್ ಟವರ್ ನಡುವೆ ಮಾತು ತಪ್ಪಿದರೆ ಜೀವ ಹೋಗುತ್ತದೆ, ಅಲ್ಲಿ ಯಾರ ಉಚ್ಚಾರಣೆ ಚೆಂದ ಎಂದು ನೋಡುತ್ತಾ ಕೂರಲು ಆಗುವುದಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ರೇಡಿಯೋದಲ್ಲಿ ಅಂಕಿಗಳನ್ನು ಹೇಗೆ ಹೇಳಬೇಕು ಎಂದು ಬರೆದಿಟ್ಟಿದೆ. ಮೂರಕ್ಕೆ 'ಟ್ರೀ'. ಐದಕ್ಕೆ 'ಫೈಫ್'. ಒಂಬತ್ತಕ್ಕೆ 'ನೈನರ್'. ಸಾವಿರಕ್ಕೆ 'ಟೌಸಂಡ್'. ನಮ್ಮ ಮಕ್ಕಳು 'ಟ್ರೀ' ಅಂದರೆ ಮಾರ್ಕ್ಸ್ ಕಡಿಮೆ ಮಾಡುತ್ತಾರೆ, ಆಕಾಶದಲ್ಲಿ ಅದೇ ನಿಯಮ!

ಪೈಲಟ್‌ಗಳ ಇಂಗ್ಲಿಷ್ ಪರೀಕ್ಷೆಯಲ್ಲಿ ಆರು ಹಂತ ಇದೆ, ಅಂತರರಾಷ್ಟ್ರೀಯ ಹಾರಾಟಕ್ಕೆ ಕನಿಷ್ಠ ನಾಲ್ಕನೇ ಹಂತ ಬೇಕು. ಆ ಹಂತದಲ್ಲಿ ಮಾತಿನ ಮೇಲೆ ಮನೆಮಾತಿನ ಪ್ರಭಾವ ಇರಬಹುದು ಎಂದೇ ಬರೆದಿದ್ದಾರೆ. ಅದು ಅರ್ಥಕ್ಕೆ ಪದೇ ಪದೇ ಅಡ್ಡಿಯಾಗಬಾರದು, ಅಷ್ಟೆ. ಹುಬ್ಬಳ್ಳಿ ಹುಡುಗನ ಇಂಟರ್‌ವ್ಯೂ ಮಾಡಿದವರು ಈ ಅಳತೆ ಇಟ್ಟುಕೊಂಡಿದ್ದರೆ ಅವನಿಗೆ ಕೆಲಸ ಸಿಗುತ್ತಿತ್ತು.

ವಿಜಯನಗರ ವಾಸಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಗೈ ಹಿಡಿದು 'ಪಿನ್' ಅಭ್ಯಾಸ ಶುರು ಮಾಡಿದ್ದೇನೆ. ಒಂದು ಉಳಿದಿದೆ. ಫೋನಿನಲ್ಲಿ ನನಗೆ ಜಾಸ್ತಿ ತೊಂದರೆ ಕೊಡುವುದು ಹದಿಮೂರು-ಮೂವತ್ತು, ಹದಿನಾಲ್ಕು-ನಲವತ್ತು. ದುಡ್ಡಿನ ಲೆಕ್ಕದಲ್ಲಿ ಇದು ತಪ್ಪಿದರೆ ಕಷ್ಟ. ಇದಕ್ಕೂ ಒತ್ತೇ ಕಾರಣವಾ?

ಬಸವನಗುಡಿ ಮೇಷ್ಟ್ರು:

ಒತ್ತು ಮತ್ತು ಸ್ವರದ ಉದ್ದ, ಎರಡೂ. 'ತರ್ಟೀನ್' ಅನ್ನುವಾಗ 'ಟೀ' ಎಳೆಯಬೇಕು, ಕೊನೆಯ ನ್ ಸ್ಪಷ್ಟವಾಗಿ ಕೇಳಬೇಕು. 'ತರ್ಟಿ' ಅನ್ನುವಾಗ ಭಾರವೆಲ್ಲ 'ತರ್' ಮೇಲೆ, 'ಟಿ' ಗಿಡ್ಡ. ದುಡ್ಡಿನ ಮಾತಾದರೆ ಉಚ್ಚಾರಣೆಯನ್ನೇ ನಂಬಿ ಕೂರಬೇಡಿ, 'ತರ್ಟೀನ್, ಒನ್ ತ್ರೀ' ಎಂದು ಅಂಕಿ ಬಿಡಿಸಿ ಹೇಳಿ, ಅವರಿಂದಲೂ ಒಮ್ಮೆ ವಾಪಸ್ ಹೇಳಿಸಿ.